ಮಿಲ್ಲಿಗಿಂತ ಮೊದಲು ಪೇಟೆ ಇತ್ತು

ಕರ್ನಾಟಕದಲ್ಲಿ ಸೈರನ್ ನಿಂತುಹೋದ ಊರುಗಳು ಒಂದೆರಡಲ್ಲ. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಹೆಚ್ಚೂಕಡಿಮೆ ಅದೇ ಹೊತ್ತಿಗೆ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯೂ ನಿಂತಿತು. ಭದ್ರಾವತಿಯ ಕಾಗದ ಕಾರ್ಖಾನೆ 2015ರಲ್ಲಿ ನಿಂತಿತು. ನಮ್ಮ ದಾವಣಗೆರೆಯ ಹತ್ತಿ ಮಿಲ್ಲುಗಳು ಅದಕ್ಕೂ ಮೊದಲೇ ಸೊರಗಲು ಶುರುವಾಗಿದ್ದವು. ಒಂದು ಮಿಲ್ಲಿನ ಗೇಟಿಗೆ ಬೀಗ ಬಿದ್ದ ಸುದ್ದಿ ಹಳೆಯದಾಗುವುದರೊಳಗೆ ಇನ್ನೊಂದರ ಸುದ್ದಿ ಬರುತ್ತಿತ್ತು.

ಆದರೆ ಇವತ್ತು ದಾವಣಗೆರೆಗೆ ಹೊಸದಾಗಿ ಬಂದವರಿಗೆ ಇದು ಮುಳುಗಿ ಎದ್ದ ಊರು ಅಂತ ಅನ್ನಿಸುವುದೇ ಇಲ್ಲ. ಪಿ.ಜೆ. ಬಡಾವಣೆಯ ಉದ್ದಕ್ಕೂ ಆಸ್ಪತ್ರೆ, ಲ್ಯಾಬು, ಮೆಡಿಕಲ್ ಶಾಪು. ವಿದ್ಯಾನಗರದ ಕಡೆ ಹಾಸ್ಟೆಲ್ಲು, ಮೆಸ್ಸು. ಮಂಡಿಪೇಟೆ, ಚೌಕಿಪೇಟೆಯಲ್ಲಿ ಕಾಲಿಡಲು ಜಾಗವಿಲ್ಲ. 2011ರ ಜನಗಣತಿಯಲ್ಲೇ ನಾಲ್ಕು ಲಕ್ಷ ದಾಟಿದ್ದ ಊರು ಇದು. 

ನಾನು ಹುಟ್ಟಿ ಬೆಳೆದದ್ದು ಇಲ್ಲೇ. ಹಾಗಾಗಿ ಎರಡು ಪ್ರಶ್ನೆ ಬಹಳ ವರ್ಷದಿಂದ ನನ್ನ ಜೊತೆಗಿವೆ. ಮಿಲ್ಲು ಹೋದರೂ ಊರು ಹೇಗೆ ಉಳಿಯಿತು? ಊರು ಉಳಿಯಿತು ಅಂತೀವಲ್ಲ, ಉಳಿದವರು ಯಾರು?

ಮೊದಲ ಪ್ರಶ್ನೆಗೆ ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ದಾವಣಗೆರೆ ಒಂದು ಕಾಲಕ್ಕೆ ಪಕ್ಕದ ಬೇತೂರಿಗೆ ಸೇರಿದ ಸಣ್ಣ ಹಳ್ಳಿ. ಹೈದರಾಲಿ ಇದನ್ನು ಆಪೋಜಿ ರಾಮ್ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ. ಆತ ವ್ಯಾಪಾರಿಗಳನ್ನು ಕರೆದು ಕೂರಿಸಿದ. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಗೆ ಬಂದು, ಇಲ್ಲಿಂದ ಎತ್ತಿನ ಮೇಲೆ ತಮಿಳುನಾಡಿನ ವಾಲಾಜಾಪೇಟೆ ಕಡೆಗೆ ಹೋಗುತ್ತಿತ್ತು. ವಾಪಸ್ ಬರುವಾಗ ಮದರಾಸಿನ ಬಂದರಿಗೆ ಇಳಿದ ಸಾಮಾನು, ಉಪ್ಪು ಹೇರಿಕೊಂಡು ಬರುತ್ತಿದ್ದರು. ಕಂಬಳಿ ನೇಯುವವರೂ ಇದ್ದರು. ಇಲ್ಲಿನ ನಯವಾದ ಕಂಬಳಿಗೆ ಆ ಕಾಲದಲ್ಲೇ ನೂರಾರು ರೂಪಾಯಿ ಬೆಲೆ ಬರುತ್ತಿತ್ತಂತೆ. 

ಅಂದರೆ ಮಿಲ್ಲು ಬರುವ ಎಷ್ಟೋ ಮೊದಲೇ ಇಲ್ಲಿ ಪೇಟೆ ಇತ್ತು. ಕೊಡುವುದು, ಕೊಳ್ಳುವುದು, ಲೆಕ್ಕ ಬರೆಯುವುದು, ಉದ್ರಿ ಕೊಟ್ಟು ವಸೂಲಿ ಮಾಡುವುದು ಈ ಊರಿಗೆ ಮೈಗೂಡಿತ್ತು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಸುತ್ತ ಎರೆಭೂಮಿ, ಹತ್ತಿ ಚೆನ್ನಾಗಿ ಬರುತ್ತಿತ್ತು. ರೈಲು ಇತ್ತು. ಪುಣೆ ಬೆಂಗಳೂರು ರಸ್ತೆ ಊರನ್ನು ಹಾದೇ ಹೋಗುತ್ತಿತ್ತು. ತುಂಗಭದ್ರೆ ದಾಟಿದರೆ ಮುಂಬಯಿ ಪ್ರಾಂತ್ಯ, ಈ ಕಡೆ ಮೈಸೂರು ಸಂಸ್ಥಾನ. ಗಡಿಯ ಊರಿಗೆ ಯಾವಾಗಲೂ ಎರಡು ಕಡೆಯ ವ್ಯಾಪಾರ. ಮೊದಲು ಹತ್ತಿ ಬಿಡಿಸಿ ಅರಳೆ ಮಾಡುವ ಜಿನ್ನಿಂಗ್ ಫ್ಯಾಕ್ಟರಿಗಳು ಬಂದವು. 1936ರಲ್ಲಿ ರಾಜನಹಳ್ಳಿ ಹನುಮಂತಪ್ಪನವರು ದಾವಣಗೆರೆ ಕಾಟನ್ ಮಿಲ್ ಶುರು ಮಾಡಿದರು. ಅದೇ ನಮ್ಮ ಡಿಸಿಎಂ. ಆಮೇಲೆ ಗಣೇಶರ್, ಚಂದ್ರೋದಯ, ಶಂಕರ್, ಆಂಜನೇಯ, ತೋಳಹುಣಸೆಯ ಯಲ್ಲಮ್ಮ ಹೀಗೆ ಒಂದರ ಹಿಂದೆ ಒಂದು ಎದ್ದವು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಶಾಲೆಯ ಪುಸ್ತಕದಲ್ಲಿ ಓದಿ ಬೀಗಿದವರು ನಾವು. ಇಂಗ್ಲೆಂಡಿನ ನಿಜವಾದ ಮ್ಯಾಂಚೆಸ್ಟರಿನ ಹತ್ತಿ ವಿನಿಮಯ ಕೇಂದ್ರದಲ್ಲಿ 1968ಕ್ಕೇ ವ್ಯಾಪಾರ ನಿಂತಿತ್ತು ಅಂತ ನಮ್ಮ ಮೇಷ್ಟ್ರು ಯಾರೂ ಹೇಳಿರಲಿಲ್ಲ.

ನನ್ನ ಸೋದರಮಾವ ಇಲ್ಲಿನ ಒಂದು ಮಿಲ್ಲಿನಲ್ಲಿ ರಿಂಗ್ ಫ್ರೇಮ್ ಖಾತೆಯಲ್ಲಿದ್ದರು. ಮಿಲ್ಲಿನ ಹೆಸರು ಬೇಡ. ಅವರಿಂದ ಕೇಳಿದ್ದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಯಾಕೆಂದರೆ ಮಿಲ್ಲಿನ ಮಾಲೀಕರ ಬಗ್ಗೆ ಊರಲ್ಲಿ ಬೇಕಾದಷ್ಟು ಫಲಕ, ಪ್ರತಿಮೆ ಇವೆ. ಆ ಕೆಲಸ ಹೇಗಿತ್ತು ಅಂತ ಎಲ್ಲೂ ಬರೆದಿಟ್ಟಿಲ್ಲ.

ಹತ್ತಿಯ ಬೇಲು ಮೊದಲು ಬ್ಲೋ ರೂಮಿಗೆ ಬರುತ್ತದೆ. ಅಲ್ಲಿ ಬಿಡಿಸಿ, ಕಸ ಹಾರಿಸುತ್ತಾರೆ. ಅಲ್ಲಿಂದ ಕಾರ್ಡಿಂಗ್. ಅಲ್ಲಿ ಎಳೆ ಎಳೆಯಾಗಿ ಬಾಚಿ ದಪ್ಪ ಹುರಿಯಂತೆ ಮಾಡುತ್ತಾರೆ. ಆಮೇಲೆ ಅದನ್ನು ಎಳೆದು ಎಳೆದು ತೆಳ್ಳಗೆ ಮಾಡುತ್ತಾ ಕೊನೆಗೆ ರಿಂಗ್ ಫ್ರೇಮಿಗೆ ತರುತ್ತಾರೆ. ಅಲ್ಲಿ ನೂಲು ಹುಟ್ಟುತ್ತದೆ. ಉದ್ದುದ್ದ ಯಂತ್ರ. ಎರಡೂ ಬದಿಗೆ ಸಾಲಾಗಿ ನೂರಾರು ಬಾಬಿನ್ನು ತಿರುಗುತ್ತಿರುತ್ತವೆ. ಒಬ್ಬ ಕಾರ್ಮಿಕನಿಗೆ ಇಂತಿಷ್ಟು ಸೈಡು ಅಂತ ಹಂಚಿಕೆ. ಅವನ ಕೆಲಸ ನಡೆಯುವುದು. ಎಂಟು ಗಂಟೆ ನಡೆಯುವುದು. ಎಲ್ಲಿ ಎಳೆ ಕಡಿದಿದೆಯೋ ಅಲ್ಲಿ ನಿಂತು ಕೂಡಿಸುವುದು.

ಆ ಕೂಡಿಸುವುದೇ ದೊಡ್ಡ ಕಸುಬು. ತಿರುಗುವ ಬಾಬಿನ್ನನ್ನು ಕೈಯಲ್ಲೇ ತಡೆದು ಎತ್ತಬೇಕು. ಸುತ್ತಿಕೊಂಡ ನೂಲಿನಲ್ಲಿ ಕಡಿದ ತುದಿ ಹುಡುಕಬೇಕು. ಅದನ್ನು ಟ್ರಾವೆಲರ್ ಅನ್ನುವ ಉಗುರಿಗಿಂತ ಚಿಕ್ಕ ಉಕ್ಕಿನ ಕೊಂಡಿಗೆ ಸಿಗಿಸಿ, ಮೇಲಿನ ರೋಲರಿನಿಂದ ಇಳಿಯುವ ಅರಳೆಗೆ ತಾಗಿಸಿ ಬಿಡಬೇಕು. ತಾಗಿದ ಕ್ಷಣಕ್ಕೆ ತಿರುವು ಏರಿ ಎಳೆ ಕೂಡಿಕೊಳ್ಳುತ್ತದೆ. ಕೈ ತಡವಾದರೆ ಅರಳೆ ರೋಲರಿಗೆ ಸುತ್ತಿಕೊಂಡು ಪಕ್ಕದ ಎಳೆಯನ್ನೂ ಕೆಡಿಸುತ್ತದೆ. ಮಾವನ ಹೆಬ್ಬೆರಳು, ತೋರುಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ, ನುಣ್ಣಗೆ ಸವೆದಿದ್ದವು. ಮನೆಯಲ್ಲಿ ಸುಮ್ನೆ ಕೂತಾಗಲೂ ಆ ಎರಡು ಬೆರಳು ಹೊಸೆಯುತ್ತಲೇ ಇರುತ್ತಿದ್ದವು.

ಒಣ ಗಾಳಿಯಲ್ಲಿ ಎಳೆ ಜಾಸ್ತಿ ಕಡಿಯುತ್ತದೆ. ಅದಕ್ಕೇ ಖಾತೆಯೊಳಗೆ ಸದಾ ತೇವ ಇರುವ ಹಾಗೆ ನೋಡಿಕೊಳ್ಳುತ್ತಿದ್ದರು. ದಾವಣಗೆರೆಯ ಏಪ್ರಿಲ್ ಬಿಸಿಲು, ಅದರೊಳಗೆ ಯಂತ್ರದ ಕಾವು, ಮೇಲೆ ಈ ತೇವ. ಹುಬ್ಬು, ಮೀಸೆ, ರೆಪ್ಪೆಯ ಮೇಲೆಲ್ಲ ಹತ್ತಿಯ ಜುಂಗು. ಶಬ್ದ ಎಷ್ಟೆಂದರೆ ಮಾತು ಕೇಳುವುದಿಲ್ಲ, ತುಟಿ ನೋಡಿಯೇ ತಿಳಿದುಕೊಳ್ಳಬೇಕು. ಮಿಲ್ಲಿನವರ ಮನೆಯಲ್ಲಿ ಎಲ್ಲರೂ ಜೋರಾಗಿ ಮಾತಾಡುತ್ತಿದ್ದರು ಅಂತ ನಾವು ನಗುತ್ತಿದ್ದೆವು. ಕಿವಿ ಮಂದವಾಗಿದ್ದವರು ಮನೆಯಲ್ಲೂ ಹಾಗೆ ಮಾತಾಡುತ್ತಿದ್ದರು ಅಂತ ಗೊತ್ತಾಗುವ ವಯಸ್ಸಲ್ಲ ಅದು. ಕೆಮ್ಮು ಕೂಡ ಎಲ್ಲರ ಮನೆಯಲ್ಲೂ ಇತ್ತು. ಹತ್ತಿಯ ದೂಳು ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸಕೋಶ ಬಿಗಿಯುತ್ತದೆ. ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಎದೆ ಹಿಡಿದಂತಾಗುವುದು ಆ ಕಾಯಿಲೆಯ ಗುರುತು. ಮಾವ ಅದನ್ನು ಸೋಮವಾರದ ದಮ್ಮು ಅಂತಿದ್ದರು.

ಇಷ್ಟೆಲ್ಲ ಇದ್ದರೂ ಮಿಲ್ಲಿನ ಕೆಲಸ ಅಂದರೆ ಗೌರವ ಇತ್ತು. ಕಾಯಂ ಆದವನಿಗೆ ಹೆಣ್ಣು ಕೊಡಲು ಜನ ಮುಂದೆ ಬರುತ್ತಿದ್ದರು. ಪಿ.ಎಫ್., ಇಎಸ್‌ಐ, ದೀಪಾವಳಿ ಹೊತ್ತಿಗೆ ಬೋನಸ್. ಬದಲಿ ಅಂತ ಸೇರಿದವರು ದಿನಾ ಗೇಟಿನ ಹತ್ತಿರ ನಿಂತು, ಯಾರಾದರೂ ರಜೆ ಹಾಕಿದ್ದಾರಾ ಅಂತ ಕಾದು ಒಳಗೆ ಹೋಗುತ್ತಿದ್ದರು. ಹಾಗೆ ವರ್ಷಗಟ್ಟಲೆ ಕಾದು ಕಾಯಂ ಆದವರಲ್ಲಿ ಮಾವನೂ ಒಬ್ಬರು. ಬೋನಸ್ ಬಂದ ವಾರ ಚೌಕಿಪೇಟೆಯ ಬಟ್ಟೆ ಅಂಗಡಿಗಳಲ್ಲಿ ಜಾತ್ರೆ. ನಾಟಕ ಕಂಪನಿಗಳಿಗೂ ಈ ಊರು ಅಂದರೆ ಪ್ರೀತಿ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇದೇ ಊರಿನದು. ಕೈಯಲ್ಲಿ ನಾಲ್ಕು ಕಾಸಿರುವ ಪ್ರೇಕ್ಷಕರು ದಿನವೂ ಸಿಗುವ ಊರಲ್ಲಿ ನಾಟಕ ಬೆಳೆಯದೇ ಇರುತ್ತದಾ?

ಸಂಘವೂ ಅಷ್ಟೇ ಗಟ್ಟಿ. ಕೆಂಬಾವುಟದ ಮೆರವಣಿಗೆ ಆ ಕಾಲದ ದಾವಣಗೆರೆಗೆ ಹೊಸದಲ್ಲ. ಕಾರ್ಮಿಕ ನಾಯಕ ಪಂಪಾಪತಿಯವರನ್ನು ಊರು 1978, 1983, 1985 ಹೀಗೆ ಮೂರು ಸಲ ಸತತವಾಗಿ ವಿಧಾನಸಭೆಗೆ ಕಳಿಸಿತು. ಅವರು ಸಿಪಿಐ. ಲಿಂಗಾಯತ ವರ್ತಕರ, ದೊಡ್ಡ ಮಠಗಳ ಪ್ರಭಾವದ ಊರು ಮೂರು ಸಲ ಕಮ್ಯುನಿಸ್ಟ್ ಶಾಸಕನನ್ನು ಆರಿಸಿತ್ತು ಅಂದರೆ ಈಗಿನ ಹುಡುಗರು ನಂಬುವುದಿಲ್ಲ. ಮುಂದೆ ಅದೇ ಊರು ಬಾಪೂಜಿ ವಿದ್ಯಾಸಂಸ್ಥೆಯ ಶಾಮನೂರು ಶಿವಶಂಕರಪ್ಪ ಅವರನ್ನು ಮತ್ತೆ ಮತ್ತೆ ಗೆಲ್ಲಿಸಿತು. ಊರು ಹೇಗೆ ಬದಲಾಯಿತು ಅಂತ ತಿಳಿಯಲು ನನಗೆ ಈ ಒಂದು ಬದಲಾವಣೆಯೇ ಸಾಕು.

ಮಿಲ್ಲುಗಳು ಯಾಕೆ ಬಿದ್ದವು? ಸ್ಟ್ರೈಕ್ ಮಾಡಿ ಮಾಡಿ ಕಾರ್ಮಿಕರೇ ಮುಳುಗಿಸಿದರು ಅನ್ನುವ ಮಾತು ನಮ್ಮ ಊರಲ್ಲಿ ಇವತ್ತಿಗೂ ಓಡಾಡುತ್ತದೆ. ನನಗೆ ಆ ಮಾತು ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಮುಂಬಯಿಯಲ್ಲಿ 1982ರ ದೊಡ್ಡ ಮುಷ್ಕರ ಆಯಿತು, ನಿಜ. ಅಂಥ ಮುಷ್ಕರ ಆಗದ ಊರುಗಳಲ್ಲೂ ಮಿಲ್ಲುಗಳು ಬಿದ್ದವಲ್ಲ? ಅಹಮದಾಬಾದಿನಲ್ಲಿ ಬಿದ್ದವು, ಕಾನ್ಪುರದಲ್ಲಿ ಬಿದ್ದವು.

ಕಾರಣಗಳು ಬೇರೆ ಇದ್ದವು. ಭದ್ರಾ ಕಾಲುವೆಯ ನೀರು ಬಂದ ಮೇಲೆ ಸುತ್ತಲಿನ ಹೊಲಗಳು ಭತ್ತ, ಕಬ್ಬಿಗೆ ತಿರುಗಿದವು. ಒಣ ಬೇಸಾಯದ ಕಡೆ ಮುಂದೆ ಮೆಕ್ಕೆಜೋಳ ಬಂತು. ಧಾರವಾಡದಲ್ಲಿ ವರಲಕ್ಷ್ಮಿ, ಡಿಸಿಎಚ್ 32ನಂಥ ಉದ್ದ ಎಳೆಯ ಹತ್ತಿ ತಳಿಗಳು ಬಂದಿದ್ದು ನಿಜ. ಆದರೆ ಮಿಲ್ಲಿನ ಬಾಗಿಲಿಗೇ ಹತ್ತಿಗಾಡಿ ಬರುತ್ತಿದ್ದ ಕಾಲ ಮುಗಿಯುತ್ತಾ ಬಂತು. ನೀರು ಬಂದ ರೈತನಿಗೆ ಒಳ್ಳೆಯದಾಯಿತು, ಅದನ್ನು ತಪ್ಪು ಅನ್ನಲಾಗದು. ಇನ್ನು ಕರೆಂಟು. ಆಗಿನ ಕರ್ನಾಟಕ ಹೆಚ್ಚಾಗಿ ಜಲವಿದ್ಯುತ್ತನ್ನೇ ನಂಬಿಕೊಂಡಿತ್ತು. ಮಳೆ ಕೈಕೊಟ್ಟ ವರ್ಷ ಪವರ್ ಕಟ್. ರಿಂಗ್ ಫ್ರೇಮ್ ಅರ್ಧ ದಿನ ನಿಂತರೆ ಖರ್ಚು ನಿಲ್ಲುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಹೊಡೆತ ಪವರ್‌ಲೂಮ್‌ನಿಂದ ಬಂತು. ಒಂದು ಶೆಡ್ಡು, ನಾಲ್ಕು ಮಗ್ಗ, ಹತ್ತು ಜನ. ಪಿ.ಎಫ್. ಇಲ್ಲ, ಸಂಘ ಇಲ್ಲ, ಎಂಟು ಗಂಟೆಯ ಲೆಕ್ಕ ಇಲ್ಲ. ಅಲ್ಲಿ ನೇಯ್ದ ಬಟ್ಟೆಯ ಮುಂದೆ ಮಿಲ್ಲಿನ ಬಟ್ಟೆ ದುಬಾರಿ ಆಗದೇ ಇನ್ನೇನಾಗುತ್ತದೆ? 1985ರ ಜವಳಿ ನೀತಿ ಮಿಲ್ಲು, ಪವರ್‌ಲೂಮ್ ಎರಡನ್ನೂ ಒಂದೇ ಸಾಲಿಗೆ ನಿಲ್ಲಿಸಿ ಪೈಪೋಟಿ ಮಾಡಿ ಅಂದಿತು. ಪಾಲಿಯೆಸ್ಟರ್ ಅಗ್ಗವಾಗಿ ಮನೆಮನೆಗೆ ಬಂತು. ಆ ಹೊತ್ತಿಗೆ ನಮ್ಮ ಮಿಲ್ಲುಗಳ ಯಂತ್ರ ಹಳತಾಗಿತ್ತು. ಲಾಭ ಬಂದ ವರ್ಷಗಳಲ್ಲಿ ಹೊಸ ಯಂತ್ರ ತರಲಿಲ್ಲ. ನಷ್ಟದ ವರ್ಷಗಳಲ್ಲಿ ತರಲು ದುಡ್ಡಿರಲಿಲ್ಲ. ಸರ್ಕಾರವೇ ಕೈಗೆತ್ತಿಕೊಂಡರೆ ಉಳಿಯುತ್ತದೆ ಅಂತ ಒಂದು ನಂಬಿಕೆ ಇತ್ತು. ಯಲ್ಲಮ್ಮ ಮಿಲ್ಲನ್ನು ಕೇಂದ್ರದ ಎನ್‌ಟಿಸಿ, ಅಂದರೆ ರಾಷ್ಟ್ರೀಯ ಜವಳಿ ನಿಗಮ, ನಡೆಸಿತು, ಅದೂ ಉಳಿಯಲಿಲ್ಲ.

ಮಿಲ್ಲು ಒಂದೇ ದಿನಕ್ಕೆ ಮುಚ್ಚುವುದಿಲ್ಲ ಅನ್ನುವುದನ್ನು ನಾನು ಮಾವನ ಮನೆಯಲ್ಲೇ ನೋಡಿದೆ. ಮೊದಲು ಮೂರನೇ ಪಾಳಿ ನಿಂತಿತು. ಆಮೇಲೆ ಬದಲಿಗಳಿಗೆ ಕೆಲಸ ಸಿಗಲಿಲ್ಲ. ಆಮೇಲೆ ಸಂಬಳ ಎರಡು ಕಂತಾಯಿತು, ತಡವಾಯಿತು. ಲೇ ಆಫ್ ಅಂದರು. ಹಾಜರಿ ಹಾಕಿ ಮನೆಗೆ ಹೋಗಿ ಅಂದರು. ಕೊನೆಗೆ ಗೇಟಿಗೆ ನೋಟಿಸು. ಮಾವ ಆಮೇಲೂ ಎಷ್ಟೋ ದಿನ ಪಾಳಿಯ ಹೊತ್ತಿಗೆ ಎದ್ದು, ಬುತ್ತಿ ಇಲ್ಲದೆ, ಗೇಟಿನ ತನಕ ಹೋಗಿ ಬರುತ್ತಿದ್ದರು. ಅಲ್ಲಿ ಅವರಂಥವರು ತುಂಬಾ ಜನ ಇರುತ್ತಿದ್ದರು. ಬೇವಿನ ಮರದ ಕೆಳಗೆ ಕೂತು, ಮತ್ತೆ ಶುರುವಾಗುತ್ತಂತೆ, ಯಾರೋ ಸೇಠು ತಗೋತಾನಂತೆ ಅಂತ ಮಾತಾಡಿ ಏಳುವುದು. ಗ್ರಾಚ್ಯುಟಿ, ಬಾಕಿ ಹಣಕ್ಕೆ ಅಲೆದದ್ದು ದೊಡ್ಡ ಕಥೆ. ಬಂದ ಹಣದಲ್ಲಿ ಮಗಳ ಮದುವೆಯಾಯಿತು, ಉಳಿದದ್ದು ಸಾಲಕ್ಕೆ ಹೋಯಿತು.

ನಲವತ್ತೈದು ದಾಟಿದ ಗಂಡಸಿಗೆ ಗೊತ್ತಿದ್ದದ್ದು ಕಡಿದ ಎಳೆ ಕೂಡಿಸುವುದು. ಆ ಕೈಚಳಕಕ್ಕೆ ಮಿಲ್ಲಿನ ಹೊರಗೆ ಒಂದು ರೂಪಾಯಿ ಬೆಲೆ ಇರಲಿಲ್ಲ. ಕೆಲವರು ಆಟೋ ಹಿಡಿದರು, ಕೆಲವರು ಎಪಿಎಂಸಿಯಲ್ಲಿ ಹಮಾಲಿಗೆ ಹೋದರು. ಹಳ್ಳಿಯಲ್ಲಿ ಎಕರೆ ಎರಡೆಕರೆ ಇದ್ದವರು ವಾಪಸ್ ಹೋದರು. ಮಾವ ಒಂದು ಅಡಿಕೆ ಮಂಡಿಯಲ್ಲಿ ರಾತ್ರಿ ಕಾವಲಿಗೆ ಸೇರಿದರು.

ಮನೆ ನಿಂತಿದ್ದು ಅತ್ತೆಯಿಂದ. ಹತ್ತಿರದಲ್ಲೇ ಹಾಸ್ಟೆಲ್ಲುಗಳು ಏಳುತ್ತಿದ್ದವು. ಮೆಡಿಕಲ್, ಎಂಜಿನಿಯರಿಂಗ್ ಓದುವ ಹುಡುಗರು ಉತ್ತರ ಭಾರತದಿಂದೆಲ್ಲ ಬರುತ್ತಿದ್ದರು. ಅವರಿಗೆ ಮೂರು ಹೊತ್ತೂ ಅನ್ನ ಇಳಿಯುವುದಿಲ್ಲ, ಚಪಾತಿ ಬೇಕು. ಅತ್ತೆ ಒಂದು ಮೆಸ್ಸಿಗೆ ಚಪಾತಿ ಲಟ್ಟಿಸಿ ಕೊಡಲು ಶುರು ಮಾಡಿದರು. ಅಡುಗೆಮನೆ ಅಂತ ಬೇರೆ ಇರಲಿಲ್ಲ, ಪಡಸಾಲೆಯ ಮೂಲೆಯಲ್ಲೇ ಒಲೆ. ಮಧ್ಯಾಹ್ನ ಮೂರಕ್ಕೆ ಹಿಟ್ಟು ಕಲೆಸಿ ಕೂತರೆ ಸಂಜೆಯವರೆಗೂ ಒಂದೇ ಸಮ. ಪಕ್ಕದ ಮನೆಯ ಇಬ್ಬರು ಲಟ್ಟಿಸುವುದು, ಇವರು ಬೇಯಿಸುವುದು. ಹತ್ತತ್ತರ ಕಟ್ಟು ಮಾಡಿ ಬಿಳಿ ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಆ ಬಟ್ಟೆ ಮಿಲ್ಲಿನಿಂದ ರಿಯಾಯಿತಿಯಲ್ಲಿ ತಂದ ಥಾನಿನದು. ಮುಂದೆ ಹಿತ್ತಲಿನ ಜಾಗಕ್ಕೆ ಶೀಟು ಹಾಕಿ ಎರಡು ರೂಮು ಕಟ್ಟಿಸಿ ಹುಡುಗರಿಗೆ ಬಾಡಿಗೆಗೆ ಕೊಟ್ಟರು. ದಾವಣಗೆರೆಯಲ್ಲಿ ಹೀಗೆ ಬದುಕಿದ ಮನೆಗಳು ಸಾಕಷ್ಟಿವೆ. ಊರಿನ ಪುನರ್ಜನ್ಮದ ಮಾತು ಬಂದಾಗ ನನಗೆ ಮೊದಲು ಕಣ್ಣಿಗೆ ಬರುವುದು ಈ ಹೆಂಗಸರು.

ಹಾಗಾದರೆ ಆ ಹಾಸ್ಟೆಲ್ಲುಗಳು ಎಲ್ಲಿಂದ ಬಂದವು? ಇಲ್ಲಿ ಮತ್ತೆ ಪೇಟೆಯ ಮಾತು ಬರುತ್ತದೆ. ಈ ಊರಿನ ವರ್ತಕರಿಗೆ ಗಳಿಸಿದ್ದರಲ್ಲಿ ಒಂದು ಪಾಲನ್ನು ಊರಿಗೆ ಕೊಡುವ ರೂಢಿ ಮೊದಲಿನಿಂದಲೂ ಇತ್ತು. ಛತ್ರ ಕಟ್ಟಿದರು, ಆಸ್ಪತ್ರೆ ಕಟ್ಟಿದರು. ಜಿಲ್ಲಾ ಆಸ್ಪತ್ರೆಯನ್ನು ಜನ ಇವತ್ತಿಗೂ ಚಿಗಟೇರಿ ಆಸ್ಪತ್ರೆ ಅಂತಲೇ ಕರೆಯುತ್ತಾರೆ, ದಾನ ಕೊಟ್ಟ ಮನೆತನದ ಹೆಸರಲ್ಲಿ. 1951ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು. ಅದಕ್ಕೆ ದಾನ ಕೊಟ್ಟವರು ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರು. ಅದೇ ಬಿಡಿಟಿ. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಹುಟ್ಟಿತು. 1965ರಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು. 1979ರಲ್ಲಿ ಇನ್ನೊಂದು ಎಂಜಿನಿಯರಿಂಗ್ ಕಾಲೇಜು, ಬಿಐಇಟಿ.

ಈ ವರ್ಷಗಳನ್ನು ಗಮನಿಸಿ. ಇವೆಲ್ಲ ಆಗಿದ್ದು ಮಿಲ್ಲು ಬಿದ್ದ ಮೇಲೆ ಅಲ್ಲ, ಮಿಲ್ಲು ಓಡುತ್ತಿದ್ದಾಗ. ಊರು ಕುಸಿದಾಗ ಯಾರೋ ಕೂತು ಪ್ಲಾನ್ ಮಾಡಿ ಎಬ್ಬಿಸಲಿಲ್ಲ. ಅರಳೆ, ಅಡಿಕೆ, ಬಟ್ಟೆಯಲ್ಲಿ ಬಂದ ದುಡ್ಡು ಮೊದಲೇ ಕಾಲೇಜಿನ ಗೋಡೆಗಳಾಗಿತ್ತು. ಮಿಲ್ಲಿನ ಸೈರನ್ ನಿಲ್ಲುವ ಹೊತ್ತಿಗೆ ಕಾಲೇಜಿನ ಗಂಟೆ ಬಾರಿಸಲು ಶುರುವಾಗಿ ಎಷ್ಟೋ ವರ್ಷ ಆಗಿತ್ತು.

ಇದರಲ್ಲಿ ಎಲ್ಲವೂ ದಾನ, ಧರ್ಮ ಅಂತ ನಾನು ಹೇಳುವುದಿಲ್ಲ. ಖಾಸಗಿ ವೃತ್ತಿ ಕಾಲೇಜುಗಳು ಕರ್ನಾಟಕದಲ್ಲಿ ಬೆಳೆದಿದ್ದರ ಹಿಂದೆ ಡೊನೇಷನ್ ಇತ್ತು. ಅದನ್ನು ತಡೆಯಲು 1984ರಲ್ಲಿ ಕಾನೂನನ್ನೇ ತರಬೇಕಾಯಿತು. 1994ರಿಂದ ಸಿಇಟಿ ಬಂತು. ಸಿಇಟಿಯಿಂದ ಆದ ಒಳ್ಳೆಯದು ಅಂದರೆ ಜಗಳೂರಿನ, ಹರಪನಹಳ್ಳಿಯ, ಹಿರಿಯೂರಿನ ರೈತರ ಮಕ್ಕಳೂ ಇಲ್ಲಿ ಬಂದು ಡಾಕ್ಟರ್, ಎಂಜಿನಿಯರ್ ಆಗುವ ಹಾಗಾಯಿತು. ಮಾವನ ಮಗ ಡಿಪ್ಲೊಮಾ ಮುಗಿಸಿ ಬೆಂಗಳೂರು ಸೇರಿದ. ಆದರೆ ಮಿಲ್ಲಿನ ಕಾರ್ಮಿಕರ ಮಕ್ಕಳಲ್ಲಿ ಎಷ್ಟು ಜನ ತಮ್ಮ ಊರಿನದೇ ಮೆಡಿಕಲ್ ಕಾಲೇಜಿನಲ್ಲಿ ವಿದ್ಯಾರ್ಥಿಯಾಗಿ ಕಾಲಿಟ್ಟರು ಅಂತ ಕೇಳಿದರೆ, ನನ್ನ ಓಣಿಯಲ್ಲಂತೂ ಒಬ್ಬರೂ ಇಲ್ಲ. ಆ ಕಾಲೇಜುಗಳ ಆಸ್ಪತ್ರೆಯಲ್ಲಿ ವಾರ್ಡ್ ಬಾಯ್, ಆಯಾ, ಸೆಕ್ಯುರಿಟಿ ಆದವರು ಬೇಕಾದಷ್ಟಿದ್ದಾರೆ.

ತೋಳಹುಣಸೆಗೆ ಹೋದರೆ ಈ ಬದಲಾವಣೆ ಒಂದೇ ಕಡೆ ಕಾಣುತ್ತದೆ. ಒಂದು ಕಾಲಕ್ಕೆ ಯಲ್ಲಮ್ಮ ಮಿಲ್ಲಿನ ಹೆಸರಿನಿಂದ ಗೊತ್ತಿದ್ದ ಊರು ಅದು. ಇವತ್ತು ಅಲ್ಲಿ ಶಿವಗಂಗೋತ್ರಿ, ಅಂದರೆ ದಾವಣಗೆರೆ ವಿಶ್ವವಿದ್ಯಾಲಯ ಇದೆ. ಹಿಂದೆ ಸ್ನಾತಕೋತ್ತರ ಕೇಂದ್ರವಾಗಿದ್ದದ್ದು 2009ರಲ್ಲಿ ವಿಶ್ವವಿದ್ಯಾಲಯವಾಯಿತು. ಮಿಲ್ಲಿನ ಪಾಳಿಗೆ ಜನ ಇಳಿಯುತ್ತಿದ್ದ ದಾರಿಯಲ್ಲಿ ಈಗ ಎಂ.ಎ., ಎಂ.ಎಸ್ಸಿ. ಹುಡುಗ ಹುಡುಗಿಯರು ಬ್ಯಾಗು ಹಾಕಿಕೊಂಡು ಇಳಿಯುತ್ತಾರೆ. ಅವರಲ್ಲಿ ಹೆಚ್ಚಿನವರು ಹಳ್ಳಿಯವರು, ಮನೆಯಲ್ಲಿ ಮೊದಲ ಸಲ ಡಿಗ್ರಿ ದಾಟಿದವರು. ಅದನ್ನು ನೋಡಿದರೆ ನನಗೆ ಸಂತೋಷವಾಗುತ್ತದೆ.

ಈಗ ಮೊದಲು ಹೇಳಿದ ಊರುಗಳಿಗೆ ಬರೋಣ. ಕೆಜಿಎಫ್ ಅನ್ನು ಕಟ್ಟಿದ್ದು ಲಂಡನ್ನಿನ ಜಾನ್ ಟೇಲರ್ ಕಂಪನಿ. ಶಿವನಸಮುದ್ರದಿಂದ 1902ರಲ್ಲಿ ಅಷ್ಟು ದೂರ ಕರೆಂಟು ಎಳೆದು ತಂದಿದ್ದು ಊರಿಗಾಗಿ ಅಲ್ಲ, ಗಣಿಗಾಗಿ. ಮನೆ, ನೀರು, ಆಸ್ಪತ್ರೆ ಎಲ್ಲ ಗಣಿಯದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಮೈಸೂರು ಸರ್ಕಾರ ಕಟ್ಟಿತು, 1923ರಲ್ಲಿ ಅಲ್ಲಿ ಕಬ್ಬಿಣ ಹರಿಯಿತು. ಕ್ವಾರ್ಟರ್ಸು, ಶಾಲೆ, ಆಟದ ಮೈದಾನ ಎಲ್ಲ ಕಾರ್ಖಾನೆಯದು. ಎಂಥ ಅಚ್ಚುಕಟ್ಟಾದ ಊರುಗಳು! ದಾವಣಗೆರೆಯಲ್ಲಿ ಅಂಥ ಅಂದ ಯಾವತ್ತೂ ಇರಲಿಲ್ಲ. ಆದರೆ ಅಲ್ಲಿ ಒಬ್ಬನೇ ಯಜಮಾನ. ಅವನು ಎದ್ದು ಹೋದರೆ ಮನೆಯೇ ಖಾಲಿ. ಇಲ್ಲಿ ಹತ್ತಾರು ಮಿಲ್ಲು, ಜಿನ್ನು, ನೂರಾರು ಅಂಗಡಿ, ಮಂಡಿ. ಒಂದು ಮುಳುಗಿದರೆ ಇನ್ನೊಂದು ಹಿಡಿದುಕೊಳ್ಳುತ್ತಿತ್ತು. ಹತ್ತಿ ಹೋದಾಗ ಭತ್ತ ಬಂತು, ಮೆಕ್ಕೆಜೋಳ ಬಂತು. ಚನ್ನಗಿರಿಯ ಅಡಿಕೆ ಬೆಳೆಗಾರರಿಗೆ ದುಡ್ಡು ಬಂದಾಗ ಅವರು ಸೈಟು, ಬಂಗಾರ, ಮಕ್ಕಳ ಓದು, ಆಪರೇಷನ್ನು ಅಂತ ಬರುವುದು ದಾವಣಗೆರೆಗೇ. 1997ರ ಆಗಸ್ಟ್ 15ಕ್ಕೆ ಜಿಲ್ಲೆಯೂ ಆಯಿತು. ಕಚೇರಿ, ಕೋರ್ಟು, ನೌಕರರು ಬಂದರು. ಹರಿಹರ ಇಲ್ಲಿಂದ ಕೂಗಳತೆ ದೂರ. ಕಿರ್ಲೋಸ್ಕರ್ ಲೇತು ದೇಶದ ಎಷ್ಟೋ ವರ್ಕ್‌ಶಾಪುಗಳಲ್ಲಿತ್ತು. ಆದರೆ ಆ ಕಾರ್ಖಾನೆ ನಿಂತಾಗ ಹರಿಹರಕ್ಕೆ ಬಿದ್ದ ಪೆಟ್ಟನ್ನು ತಡೆಯಲು ದಾವಣಗೆರೆಯಂಥ ಪೇಟೆ ಅದಕ್ಕೆ ಇರಲಿಲ್ಲ.

ಭದ್ರಾವತಿಯ ಜನರಿಗೆ, ಕೆಜಿಎಫ್ ಜನರಿಗೆ ನಿಮ್ಮಲ್ಲಿ ಛಲ ಇಲ್ಲ ಅನ್ನುವವರಿಗೆ ಈ ವ್ಯತ್ಯಾಸ ಅರ್ಥವಾಗಬೇಕು. ಕೆಜಿಎಫ್‌ನಿಂದ ನಸುಕಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವ ಜನರ ಛಲ ಯಾರಿಗಿದೆ? ಛಲದ ಕೊರತೆ ಇರಲಿಲ್ಲ. ಇನ್ನೊಂದು ಆಸರೆ ಇರಲಿಲ್ಲ, ಅಷ್ಟೇ.

ಬೆಣ್ಣೆ ದೋಸೆಯ ಬಗ್ಗೆ ಬರೆಯಲು ಬೇಕಾದಷ್ಟು ಜನ ಇದ್ದಾರೆ, ನಾನು ಮಂಡಕ್ಕಿಯ ಬಗ್ಗೆ ಬರೆಯುತ್ತೇನೆ. ಮಂಡಕ್ಕಿ ಭಟ್ಟಿ ಅನ್ನುವುದು ಹಳೇ ದಾವಣಗೆರೆಯ ಒಂದು ಪ್ರದೇಶದ ಹೆಸರೇ ಆಗಿದೆ. ಭತ್ತವನ್ನು ನೆನೆಹಾಕಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಹಿಡಿಸಿ, ಕೆಂಪಗೆ ಕಾದ ಮರಳಿನಲ್ಲಿ ಹುರಿದರೆ ಮಂಡಕ್ಕಿ ಅರಳುತ್ತದೆ. ಒಲೆಗೆ ಭತ್ತದ ಹೊಟ್ಟು. ಹುರಿಯುವವರ ಮುಖದಿಂದ ಬೆಂಕಿ ಒಂದು ಮಾರು ದೂರ ಇದ್ದರೆ ಹೆಚ್ಚು. ನಾಡಿನ ಉದ್ದಕ್ಕೂ ಖಾರ ಮಂಡಕ್ಕಿ, ಗಿರ್ಮಿಟ್ಟು ಅಂತ ತಿನ್ನುವವರಿಗೆ ಈ ಭಟ್ಟಿಯ ಹೊಗೆ ಕಾಣುವುದಿಲ್ಲ. ಚಿಕ್ಕ ಮಕ್ಕಳೂ ಇಲ್ಲಿ ದುಡಿದಿದ್ದಾರೆ, ಅದು ನಮ್ಮ ಊರಿನ ನಾಚಿಕೆಗೇಡಿನ ಸಂಗತಿ. ಮಿಲ್ಲಿನಲ್ಲಿ ಕಷ್ಟ ಇತ್ತು, ಜೊತೆಗೆ ಇಎಸ್‌ಐ ಚೀಟಿಯೂ ಇತ್ತು. ಭಟ್ಟಿಯಲ್ಲಿ ಕಷ್ಟ ಮಾತ್ರ ಇದೆ. 

2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿ ಬಂದಾಗ ಕರ್ನಾಟಕದಿಂದ ಇದ್ದದ್ದು ದಾವಣಗೆರೆ, ಬೆಳಗಾವಿ ಎರಡೇ. ಆ ಯೋಜನೆಯಲ್ಲಿ ಮಂಡಕ್ಕಿ ಭಟ್ಟಿಗಳ ಸುಧಾರಣೆಯ ಮಾತೂ ಇತ್ತು. ರಸ್ತೆ ಅಗಲವಾಯಿತು, ದೀಪ ಬಂತು, ಊರು ಚೆಂದ ಕಾಣುತ್ತದೆ. ನನ್ನ ಲೆಕ್ಕದಲ್ಲಿ ಮಾತ್ರ ಭಟ್ಟಿಯ ಕೆಲಸಗಾರರಿಗೆ ಹೊಗೆಯಿಲ್ಲದ ಒಲೆ, ಭವಿಷ್ಯ ನಿಧಿ, ಆಸ್ಪತ್ರೆಯ ಚೀಟಿ ಸಿಗುವ ದಿನ ಈ ಊರು ಸ್ಮಾರ್ಟ್ ಆಗುತ್ತದೆ.

2023ರಿಂದ ವಂದೇ ಭಾರತ್ ರೈಲು ನಿಲ್ಲುತ್ತದೆ. ಬೆಂಗಳೂರು ಇನ್ನಷ್ಟು ಹತ್ತಿರವಾಗಿದೆ. ಒಳ್ಳೆಯದೇ. ಆದರೆ ಕಲಿಸಿದ ಮಕ್ಕಳನ್ನೆಲ್ಲ ಬೆಂಗಳೂರಿಗೆ ಕಳಿಸಿಕೊಡುವ ಊರಾಗಿ ಉಳಿದರೆ ಸಾಕಾ? ಎರಡು ಹಳೆಯ ಎಂಜಿನಿಯರಿಂಗ್ ಕಾಲೇಜು, ಒಂದು ವಿಶ್ವವಿದ್ಯಾಲಯ, ಸುತ್ತ ಮೆಕ್ಕೆಜೋಳ, ಭತ್ತ, ಅಡಿಕೆ ಇರುವ ಊರಲ್ಲಿ ಕೃಷಿ ಯಂತ್ರ, ಆಹಾರ ಸಂಸ್ಕರಣೆಯ ಕೆಲಸ ಇನ್ನೂ ಎಷ್ಟೋ ಪಟ್ಟು ಬೆಳೆಯಬಹುದು. ಹೊಗೆಯಿಲ್ಲದ ಒಂದು ಮಂಡಕ್ಕಿ ಒಲೆಯನ್ನು ನಮ್ಮ ಹುಡುಗರೇ ಮಾಡಿಕೊಡಬಹುದಲ್ವಾ?

ಮಿಲ್ಲಿನ ಜಾಗಗಳು ಈಗ ಬಡಾವಣೆಗಳಾಗಿವೆ. ಡಿಸಿಎಂ ಟೌನ್‌ಶಿಪ್ ಅಂದರೆ ಆಟೋದವರಿಗೆ ತಕ್ಷಣ ಗೊತ್ತಾಗುತ್ತದೆ. ಡಿಸಿಎಂ ಅಂದರೆ ಏನು ಅಂತ ಅಲ್ಲಿನ ಮಕ್ಕಳನ್ನು ಕೇಳಿ ನೋಡಿ. ಮಾವ ಈಗ ಇಲ್ಲ. ಅವರ ಜೊತೆ ಕೆಲಸ ಮಾಡಿದವರಲ್ಲಿ ಉಳಿದವರಿಗೆ ಎಪ್ಪತ್ತೈದು, ಎಂಬತ್ತು. ಬ್ಲೋ ರೂಮಿನಿಂದ ನೇಯ್ಗೆ ಖಾತೆಯ ತನಕ ಕೆಲಸ ಹೇಗೆ ನಡೆಯುತ್ತಿತ್ತು, ಕೂಲಿ ಎಷ್ಟಿತ್ತು, ಮೆರವಣಿಗೆಯಲ್ಲಿ ಏನು ಕೂಗುತ್ತಿದ್ದರು, ಹೆಂಗಸರು ಯಾವ ಖಾತೆಯಲ್ಲಿದ್ದರು, ಎಲ್ಲ ಅವರ ತಲೆಯಲ್ಲಿದೆ. ತೋಳಹುಣಸೆಯ ವಿಶ್ವವಿದ್ಯಾಲಯದ ಇತಿಹಾಸ, ಪತ್ರಿಕೋದ್ಯಮ ವಿದ್ಯಾರ್ಥಿಗಳು ಒಂದು ರಜೆಯಲ್ಲಿ ಹಳೇ ಬಡಾವಣೆಗಳಲ್ಲಿ ಮನೆಮನೆಗೆ ಹೋಗಿ ಕೂತು, ಮೊಬೈಲಿನಲ್ಲೇ ರೆಕಾರ್ಡ್ ಮಾಡಿಕೊಂಡರೂ ಸಾಕು. ಅದಕ್ಕೆ ದೊಡ್ಡ ಬಜೆಟ್ ಬೇಡ.

ಇದನ್ನು ಓದುತ್ತಿರುವ ದಾವಣಗೆರೆಯವರಲ್ಲಿ ಒಂದು ಮಾತು. ನಿಮ್ಮ ಮನೆಯ ಟ್ರಂಕಿನಲ್ಲಿ, ಅಟ್ಟದ ಮೇಲೆ ಮಿಲ್ಲಿನ ಗೇಟ್ ಪಾಸು, ಇಎಸ್‌ಐ ಪುಸ್ತಕ, ಸಂಬಳದ ಚೀಟಿ, ಸಂಘದ ರಸೀದಿ, ಬೋನಸ್ ದಿನದ ಗ್ರೂಪ್ ಫೋಟೋ ಇದ್ದರೆ ಈ ದೀಪಾವಳಿಗೆ ಮನೆ ಸುಣ್ಣ ಬಳಿಯುವಾಗ ಗುಜರಿಗೆ ಹಾಕಬೇಡಿ. ಫೋಟೋದ ಹಿಂದೆ ಯಾರ್ಯಾರು ಅಂತ ಅಜ್ಜನನ್ನು, ಅಪ್ಪನನ್ನು ಕೇಳಿ ಪೆನ್ನಿನಲ್ಲಿ ಬರೆದಿಡಿ. ಮಾವನ ಮನೆಯಲ್ಲಿ ಸಿಕ್ಕಿದ್ದನ್ನು ನಾನು ಸ್ಕ್ಯಾನ್ ಮಾಡಿಸುತ್ತಿದ್ದೇನೆ. ನಿಮ್ಮದನ್ನೂ ಸೇರಿಸೋಣ.